ಅರಳು ಮರಳು ಅನ್ನುವ ಮೊದಲು ತಾಟು ನೋಡೋಣ

(ಚೀಕಲಪರ್ವಿ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಾಫ್ಟ್‌ವೇರ್‌ನವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆ ಎಂದು ಮಕ್ಕಳು ಕಾಯುತ್ತಿರಬಹುದು. ಅದನ್ನು ಮಧ್ಯಾಹ್ನ ತರಗತಿಯಲ್ಲಿ ಕೂತು ಮಾತಾಡೋಣ. ಈಗ ನಾನು ಆರಿಸಿಕೊಂಡ ವಿಷಯ ಬೇರೆ: ನಾವು ಉಣ್ಣುವ ಊಟ, ನಮ್ಮ ಮಿದುಳು, ಮತ್ತು ಮುಪ್ಪಿನ ಬಗ್ಗೆ ನಾವು ಆಡುವ ಮಾತು. ಈ ವಿಷಯ ಯಾಕೆ ಎಂದರೆ, ಶಾಲೆಗೆ 50 ತುಂಬಿತು ಎಂದರೆ ಈ ಶಾಲೆಯ ಮೊದಲ ತಂಡದಲ್ಲಿ ಎಂಟನೇ ತರಗತಿಗೆ ಸೇರಿದವರಿಗೆ ಈಗ 63 ದಾಟಿದೆ. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಮಕ್ಕಳು, ಅಂದರೆ ನನ್ನ ವಯಸ್ಸಿನವರು, ಬಹಳ ಜನ ಬೆಂಗಳೂರು, ಹೈದರಾಬಾದ್, ಪುಣೆ ಸೇರಿದ್ದೇವೆ. ಕೆಲವರು ಕಂಪನಿಯಲ್ಲಿ, ಕೆಲವರು ಕಟ್ಟಡದ ಕೆಲಸದಲ್ಲಿ. ಊರಲ್ಲಿ ಉಳಿದವರು ತಂದೆ-ತಾಯಿ. ಅವರು ದಿನಾ ಏನು ಉಣ್ಣುತ್ತಾರೆ, ಯಾರ ಜೊತೆ ಉಣ್ಣುತ್ತಾರೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಕೊಡಬಲ್ಲೆವು?

ನಾನು ಡಾಕ್ಟರ್ ಅಲ್ಲ. ಔಷಧ ಹೇಳುವುದಕ್ಕೆ ಬಂದಿಲ್ಲ. ಅಂಕಿ-ಅಂಶಗಳನ್ನು ನೋಡುವುದು, ಒಂದು ಕೆಟ್ಟರೆ ಯಾಕೆ ಕೆಟ್ಟಿತು ಎಂದು ಹುಡುಕುವುದು ನನ್ನ ಉದ್ಯೋಗ. ಆ ಅಭ್ಯಾಸದಿಂದಲೇ ಈ ವಿಷಯದ ಬಗ್ಗೆ ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮಿದುಳಿನ ತೂಕ ಹೆಚ್ಚೆಂದರೆ ಒಂದೂವರೆ ಕಿಲೋ ಒಳಗೆ. ಇಡೀ ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು. ಆದರೆ ನಾವು ಉಂಡ ಊಟದ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ಅದೊಂದೇ ಖರ್ಚು ಮಾಡುತ್ತದೆ. ಮನೆಯಲ್ಲಿ ಅತಿ ಸಣ್ಣ ಮಗ ಅತಿ ಹೆಚ್ಚು ಉಂಡ ಹಾಗೆ. ಆ ಊಟ ಅದಕ್ಕೆ ತಲುಪುವುದು ಕೂದಲಿಗಿಂತ ಸಣ್ಣ ರಕ್ತನಾಳಗಳ ಮೂಲಕ. ನಮ್ಮ ಹೊಲಗಳಿಗೆ ಎಡದಂಡೆ ಕಾಲುವೆಯ ನೀರು ಬಂದ ಹಾಗೆ ಎಂದುಕೊಳ್ಳಿ. ಮುಖ್ಯ ಕಾಲುವೆಯಲ್ಲಿ ನೀರಿದ್ದರೆ ಸಾಲದು. ಉಪಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲ ಒಣಗುತ್ತದೆ. ಕೊನೆಭಾಗದ ರೈತರ ಕಷ್ಟ ಮಾನ್ವಿ ತಾಲ್ಲೂಕಿನವರಿಗೆ ನಾನು ಹೇಳಬೇಕಾಗಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ರಕ್ತದಲ್ಲಿ ಹೆಚ್ಚಾದ ಕೊಬ್ಬು, ಬೀಡಿ-ಗುಟ್ಕಾ ಇವೆಲ್ಲ ಮಿದುಳಿನ ಆ ಕೊನೆಭಾಗದ ಕಾಲುವೆಗಳನ್ನು ಕೆಡಿಸುತ್ತವೆ. ಅದು ಒಂದು ದಿನದಲ್ಲಿ ಆಗುವುದಿಲ್ಲ. 40ರಲ್ಲಿ ಶುರುವಾದದ್ದು 70ರಲ್ಲಿ ಮರೆವಾಗಿ ಕಾಣಿಸುತ್ತದೆ.

ಊಟಕ್ಕೂ ಬುದ್ಧಿಗೂ ನಿಜಕ್ಕೂ ಸಂಬಂಧ ಇದೆಯೇ ಎಂದು ಕೇಳುವವರಿಗೆ ನಮ್ಮ ದಖ್ಖನ್ ಸೀಮೆಯದೇ ಒಂದು ಉದಾಹರಣೆ ಇದೆ. ಪೆಲಾಗ್ರ ಎಂಬ ಒಂದು ಕಾಯಿಲೆ. ಬಿಸಿಲು ಬೀಳುವ ಕಡೆ, ಅಂದರೆ ಕುತ್ತಿಗೆ, ಮುಂಗೈ, ಪಾದದ ಮೇಲೆ ಚರ್ಮ ಕಪ್ಪಾಗಿ ಒರಟಾಗುತ್ತದೆ. ಭೇದಿ ಶುರುವಾಗುತ್ತದೆ. ಆಮೇಲೆ ನಿದ್ದೆ ಹೋಗುತ್ತದೆ, ಮನಸ್ಸು ಕುಗ್ಗುತ್ತದೆ, ಮರೆವು ಬರುತ್ತದೆ, ಕೊನೆಗೆ ಮನುಷ್ಯ ಏನೇನೋ ಮಾತಾಡತೊಡಗುತ್ತಾನೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳವನ್ನೇ ನಂಬಿದ್ದ ಬಡವರಲ್ಲಿ ಇದು ಹರಡಿದಾಗ ಎಲ್ಲರೂ ಅಂಟುರೋಗ ಎಂದುಕೊಂಡಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು 1914ರ ನಂತರ ಅನಾಥಾಲಯಗಳ ಮಕ್ಕಳಿಗೆ ಹಾಲು, ಮೊಟ್ಟೆ, ಕಾಳು, ಮಾಂಸ ಕೊಡಿಸಿ ನೋಡಿದರು. ಕಾಯಿಲೆ ಹೋಯಿತು. ಅದು ಊಟದ ಕೊರತೆ ಎಂದು ಅವರು ತೋರಿಸಿಕೊಟ್ಟರು. ಕೊರತೆಯಾಗಿದ್ದದ್ದು ನಯಾಸಿನ್ ಎಂಬ ಜೀವಸತ್ವ ಎಂದು 1937ರಲ್ಲಿ ಗೊತ್ತಾಯಿತು.

1960ರಲ್ಲಿ ಹೈದರಾಬಾದಿನ ಪೋಷಣ ಸಂಶೋಧನಾಲಯದ, ಅಂದರೆ ಈಗಿನ ರಾಷ್ಟ್ರೀಯ ಪೋಷಣ ಸಂಸ್ಥೆಯ, ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ ಇದೇ ಕಾಯಿಲೆಯನ್ನು ದಖ್ಖನ್ನಿನ ಬಡವರಲ್ಲಿ ಗುರುತಿಸಿ ಬರೆದರು. ಆ ರೋಗಿಗಳು ಮೆಕ್ಕೆಜೋಳ ತಿನ್ನುವವರಲ್ಲ, ನಮ್ಮ ಹಾಗೆ ಜೋಳ ಉಣ್ಣುವವರು. ಜೋಳದಲ್ಲಿ ವಿಷವಿದೆ ಎಂದು ಇದರ ಅರ್ಥವಲ್ಲ. ಜೋಳ ಒಂದೇ ಇತ್ತು, ಜೊತೆಗೆ ಬೇಳೆ, ಹಾಲು, ಮೊಸರು ಇರಲಿಲ್ಲ. ಖಾರ-ಉಪ್ಪಿನ ಜೊತೆ ಒಣ ರೊಟ್ಟಿ ತಿಂದು ದುಡಿಯುವ ಮನೆಗಳಿಗೆ ಬಂದ ಕಾಯಿಲೆ ಅದು. ಕೊರತೆಯ ಜೀವಸತ್ವ ಕೊಟ್ಟಾಗ ಇಂಥ ರೋಗಿಗಳ ಬುದ್ಧಿ ಸ್ಥಿಮಿತಕ್ಕೆ ಬರುತ್ತದೆ. 'ಹುಚ್ಚು ಹಿಡಿದೈತಿ', 'ಯಾರೋ ಮಾಟ ಮಾಡಿಸ್ಯಾರ' ಎನ್ನಿಸಿಕೊಂಡವರು ಸರಿಯಾದ ಊಟ ಸಿಕ್ಕರೆ ಮನುಷ್ಯರಾಗುತ್ತಾರೆ ಎಂಬುದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಈ ಮಾತು ಹೇಳಲು ಇನ್ನೊಂದು ಕಾರಣವಿದೆ. ಈಗ ಎಲ್ಲೆಡೆ ಸಿರಿಧಾನ್ಯದ ಜಪ ನಡೆದಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿತು. ಬೆಂಗಳೂರಿನ ಮಾಲ್‌ಗಳಲ್ಲಿ ನಮ್ಮ ಜೋಳದ ಹಿಟ್ಟು ಪ್ಯಾಕೆಟಿನಲ್ಲಿ ಬಂದು ಕೂತಿದೆ. ಸಂತೋಷ. ಆದರೆ ನಮ್ಮ ಅಜ್ಜ-ಅಜ್ಜಿಯರ ಗಟ್ಟಿತನ ಬರೀ ಜೋಳದಿಂದ ಬಂದದ್ದಲ್ಲ. ರೊಟ್ಟಿಯ ಜೊತೆ ತಾಟಿನಲ್ಲಿ ಏನೇನು ಇರುತ್ತಿತ್ತು ನೆನಪು ಮಾಡಿಕೊಳ್ಳಿ. ತೊಗರಿಬೇಳೆ ಹಾಕಿದ ಪುಂಡಿಪಲ್ಯ. ಹೆಸರುಕಾಳು, ಅಲಸಂದಿ, ಮಡಿಕೆಕಾಳು. ಹೊಲದ ಬದುವಿನಿಂದ ಕಿತ್ತು ತಂದ ಹಕ್ಕರಕಿ, ರಾಜಗಿರಿ. ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿ. ಹಸಿ ಉಳ್ಳಾಗಡ್ಡಿ. ಒಂದು ಬಟ್ಟಲು ಮಜ್ಜಿಗೆ. ಹೊಳಿದಂಡೆಯ ಊರು ನಮ್ಮದು. ಉಣ್ಣುವ ಮನೆಗಳಲ್ಲಿ ತುಂಗಭದ್ರೆಯ ಮೀನು. ಇದಿಷ್ಟೂ ಸೇರಿದರೆ ಅದು ಊಟ. ಇದರಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟರೆ ಅದು ಹೊಟ್ಟೆ ತುಂಬಿಸುವ ಕೆಲಸ ಅಷ್ಟೇ.

ನಮ್ಮ ಸೀಮೆಯ ತಾಟು ಬದಲಾದದ್ದು ನಮ್ಮ ಕಣ್ಣೆದುರಿನ ಇತಿಹಾಸ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ಬಂತು. ಗಂಗಾವತಿ, ಸಿಂಧನೂರು, ಮಾನ್ವಿ ಭಾಗದ ಎರೆಹೊಲಗಳಲ್ಲಿ ಹಿಂಗಾರಿ ಜೋಳ ನಿಲ್ಲುತ್ತಿದ್ದ ಕಡೆ ಭತ್ತದ ಗದ್ದೆ ಬಂದವು, ಅಕ್ಕಿ ಗಿರಣಿಗಳು ಬಂದವು. ನೀರಾವರಿ ನಮ್ಮನ್ನು ಬರಗಾಲದಿಂದ ಉಳಿಸಿತು, ಅದರ ಋಣ ಮರೆಯಬಾರದು. ಆದರೆ ಅದರ ಜೊತೆಯಲ್ಲೇ ಮೂರು ಹೊತ್ತೂ ಬಿಳಿ ಅನ್ನದ ರೂಢಿಯೂ ಬಂತು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನ ಅಂಶ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಾರು ಕಡಿಮೆಯಾದಷ್ಟೂ ಉಂಡ ಅನ್ನ ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ. ಹಿಂದೆ ಹಬ್ಬಕ್ಕೆ ಮಾತ್ರ ಅನ್ನ ಕಂಡವರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು. ಈಗ ದಿನವೂ ಅನ್ನ, ದುಡಿಮೆ ಟ್ರ್ಯಾಕ್ಟರಿನದು. ಮೇಲೆ ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಚಹಾ, ಸಂಜೆ ಒಗ್ಗರಣಿ-ಮಿರ್ಚಿ.

ಇದರ ಪರಿಣಾಮ ಏನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಹೊರಬಂತು. ಅದರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆಗುಳಿ ಕಾಯಿಲೆ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಶ್ರೀಮಂತರ ಕಾಯಿಲೆ, ಪ್ಯಾಟಿಯವರ ಕಾಯಿಲೆ ಎಂದು ನಾವು ತಿಳಿದಿದ್ದರೆ ಲೆಕ್ಕ ತಲೆಕೆಳಗಾಗಿದೆ.

ನಮ್ಮ ರಾಜ್ಯದಲ್ಲೇ ಇದರ ಮೇಲೆ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದ್ದಾರೆ. ಅವರ ರಕ್ತ, ನೆನಪಿನ ಶಕ್ತಿ, ಊಟ, ದುಡಿಮೆ, ನಿದ್ದೆ ಎಲ್ಲವನ್ನೂ ಮತ್ತೆ ಮತ್ತೆ ಅಳೆಯುತ್ತಾರೆ. ಹಳ್ಳಿಯ ಮುದುಕರ ಮಿದುಳು ವಿಜ್ಞಾನಕ್ಕೆ ಬೇಕಾದ ವಿಷಯ ಎಂದು ಒಪ್ಪಿಕೊಂಡದ್ದೇ ದೊಡ್ಡದು.

ಹಾಗಾದರೆ ಇಂಥದ್ದನ್ನು ತಿಂದರೆ ಮರೆವು ಬರುವುದಿಲ್ಲ ಎಂದು ಹೇಳಬಹುದೇ? ಹೇಳಬಾರದು. ವಾಟ್ಸಾಪಿನಲ್ಲಿ ದಿನವೂ ಬರುತ್ತದೆ: ಐದು ಬಾದಾಮಿ ತಿನ್ನಿ, ನೆನಪಿನ ಶಕ್ತಿ ಹೆಚ್ಚಿಸಿಕೊಳ್ಳಿ, ಈ ಎಣ್ಣೆ ಕುಡಿಯಿರಿ, ಮಿದುಳು ಚುರುಕಾಗುತ್ತದೆ. ನಂಬಬೇಡಿ. ಅಮೆರಿಕದಲ್ಲಿ ಮಿದುಳಿಗೆ ಒಳ್ಳೆಯದೆಂದು ಹೆಸರಾದ ಒಂದು ಊಟದ ಪದ್ಧತಿಯನ್ನು 604 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷಿಸಿದರು. ಅದರಲ್ಲಿ ಸೊಪ್ಪು, ಕಾಳು, ಬೀಜ, ಮೀನು ಇದ್ದವು. ಹೋಲಿಕೆಗೆ ಇನ್ನೊಂದು ಗುಂಪು ತನ್ನ ಎಂದಿನ ಊಟವನ್ನೇ ಸ್ವಲ್ಪ ಕಡಿಮೆ ಉಂಡಿತು. 2023ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗ 2015ರಲ್ಲಿ ಬೇರೆಯದನ್ನೇ ಹೇಳಿತು. ಅಲ್ಲಿ ಊಟ ಮಾತ್ರ ಬದಲಿಸಲಿಲ್ಲ. ಊಟ, ನಡಿಗೆ-ವ್ಯಾಯಾಮ, ತಲೆಗೆ ಕೆಲಸ, ಬಿಪಿ-ಸಕ್ಕರೆಯ ಮೇಲೆ ಕಣ್ಣು, ನಾಲ್ಕನ್ನೂ ಒಟ್ಟಿಗೆ ಮಾಡಿದರು. ಹಾಗೆ ಮಾಡಿದವರ ಬುದ್ಧಿಶಕ್ತಿ ಹೋಲಿಕೆಯ ಗುಂಪಿಗಿಂತ ಚೆನ್ನಾಗಿ ಉಳಿಯಿತು. ನಮ್ಮ ಕೆಲಸದಲ್ಲೂ ಹೀಗೇ. ಒಂದು ಸಾಲು ತಿದ್ದಿದರೆ ಇಡೀ ಪ್ರೋಗ್ರಾಂ ಸರಿಯಾಗುತ್ತದೆ ಎಂದು ಹೇಳುವವನನ್ನು ಯಾರೂ ನಂಬುವುದಿಲ್ಲ.

ಇದನ್ನೇ ಇನ್ನೂ ವಿಸ್ತಾರವಾಗಿ ಹೇಳಿದ್ದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ವರದಿ. ಜೀವಮಾನದಲ್ಲಿ 14 ಅಪಾಯಗಳನ್ನು ತಪ್ಪಿಸಿದರೆ ಜಗತ್ತಿನ ಮರೆಗುಳಿ ಕಾಯಿಲೆಯಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಅದು ಅಂದಾಜು ಮಾಡಿದೆ. ಬಿಪಿ, ಸಕ್ಕರೆ, ಕೆಟ್ಟ ಕೊಬ್ಬು, ಬೊಜ್ಜು ಆ ಪಟ್ಟಿಯಲ್ಲಿವೆ. ಊಟ ಮಿದುಳನ್ನು ಮುಟ್ಟುವ ದಾರಿ ಇವೇ. ತಂಬಾಕು, ಹೆಚ್ಚು ಕುಡಿತ, ಮೈಗಳ್ಳತನ, ಕೇಳದ ಕಿವಿ, ಕಾಣದ ಕಣ್ಣು, ಒಂಟಿತನ, ಮನಸ್ಸಿನ ಕುಗ್ಗುವಿಕೆಯೂ ಇವೆ. ಮತ್ತು ಕೇಳಿ, ಬಾಲ್ಯದ ಸಾಲಿನಲ್ಲಿ ಇರುವ ಅಪಾಯ ಯಾವುದು ಗೊತ್ತೇ? ಓದು ಕಡಿಮೆಯಾಗುವುದು. ಓದಿದ ಮಿದುಳು ಮುಪ್ಪಿಗಾಗಿ ಗಂಟು ಕಟ್ಟಿಟ್ಟುಕೊಳ್ಳುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ. ಹಳ್ಳಿಯ ತಾಯಂದಿರಲ್ಲಿ ಮರೆವು ಯಾಕೆ ಹೆಚ್ಚು ಎಂಬುದಕ್ಕೆ ಒಂದು ಉತ್ತರ ಇಲ್ಲಿದೆ. ಹಾಗಾದರೆ ಈ ಸರ್ಕಾರಿ ಪ್ರೌಢಶಾಲೆ 50 ವರ್ಷ ಏನು ಮಾಡಿತು? ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿತು, ನೌಕರಿಗೆ ದಾರಿ ತೋರಿಸಿತು, ಅದೆಲ್ಲ ನಮಗೆ ಗೊತ್ತು. ಗೊತ್ತಿಲ್ಲದೇ ಇನ್ನೊಂದು ಕೆಲಸ ಮಾಡಿದೆ. ನಮ್ಮ ಊರಿನ ಮುಪ್ಪನ್ನು ಕಾಯುವ ಕೆಲಸ. ಗುರುಗಳೇ, ನೀವು ಹಲಗೆಯ ಮೇಲೆ ಬರೆಸಿದ ಲೆಕ್ಕಗಳು 70ನೇ ವಯಸ್ಸಿನ ಔಷಧವೂ ಹೌದು.

ಈಗ ಮಾತಿನ ವಿಷಯಕ್ಕೆ ಬರುತ್ತೇನೆ. 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಅಜ್ಜ ಕೀಲಿಕೈ ಮರೆತರೆ ಅರಳು ಮರಳು. ಅಜ್ಜಿ ಹೇಳಿದ್ದನ್ನೇ ಮತ್ತೆ ಹೇಳಿದರೆ ಅರಳು ಮರಳು. ವಯಸ್ಸಾಯ್ತು, ಇನ್ನೇನು ಎಂದು ಬಾಗಿಲು ಹಾಕುತ್ತೇವೆ. ನಮ್ಮ ಕಂಪನಿಗಳಲ್ಲಿ ಒಂದು ಯಂತ್ರ ಕೆಟ್ಟರೆ 'ಹಳೆಯದಾಯ್ತು' ಎಂದು ವರದಿ ಬರೆಯಲು ಬಿಡುವುದಿಲ್ಲ. ಯಾವ ಭಾಗ ಕೆಟ್ಟಿದೆ, ಯಾವಾಗಿನಿಂದ, ಅದಕ್ಕೂ ಮೊದಲು ಏನು ಬದಲಾಗಿತ್ತು ಎಂದು ಕೇಳುತ್ತಾರೆ. ಯಂತ್ರಕ್ಕೆ ಕೊಡುವ ಆ ಮರ್ಯಾದೆ ಹೆತ್ತವರಿಗೆ ಬೇಡವೇ?

ನಮ್ಮ ಬಳಗದ ಒಬ್ಬ ಹಿರಿಯ ತಾಯಿ. ಹೆಸರು ಬೇಡ. ವರ್ಷದ ಹಿಂದೆ ಅವರಿಗೆ ಕಾಲು ಜುಮುಗುಟ್ಟುವುದು, ನಡೆದರೆ ತೂಗಾಡುವುದು, ಒಲೆ ಮೇಲೆ ಇಟ್ಟದ್ದನ್ನು ಮರೆಯುವುದು ಶುರುವಾಯಿತು. ಮನೆಯವರು ಗಾದೆ ಹೇಳಿ ಸುಮ್ಮನಾದರು. ಸೊಸೆ ಮಾತ್ರ ಬಿಡಲಿಲ್ಲ, ರಕ್ತ ಪರೀಕ್ಷೆ ಮಾಡಿಸಿದಳು. ಬಿ12 ಎಂಬ ಜೀವಸತ್ವ ತೀರಾ ಇಳಿದಿತ್ತು. ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮಾತ್ರೆ ನಡೆದಿತ್ತು. ಹಲ್ಲು ಹೋದ ಮೇಲೆ ಊಟ ಎಂದರೆ ಚಹಾ, ಬಿಸ್ಕತ್ತು, ಮೆತ್ತನೆಯ ಅನ್ನ-ಸಾರು. ಮಾಂಸ-ಮೊಟ್ಟೆ ಮೊದಲಿನಿಂದ ಇಲ್ಲ, ಹಾಲು-ಮೊಸರನ್ನು ಮೊಮ್ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಡಾಕ್ಟರ್ ಇಂಜೆಕ್ಷನ್ ಕೊಟ್ಟರು, ಊಟ ಬದಲಿಸಿದರು. ಕೆಲವೇ ತಿಂಗಳಲ್ಲಿ ಮಾತು ನೆಟ್ಟಗಾಯಿತು. ಕಾಲಿನ ಜುಮು ಪೂರ್ತಿ ಹೋಗಿಲ್ಲ, ತಡವಾಗಿತ್ತು. ಆದರೆ ಈಗ ಸಂಘದ ಲೆಕ್ಕ ಅವರೇ ನೋಡಿಕೊಳ್ಳುತ್ತಾರೆ.

ಎಲ್ಲ ಮರೆವೂ ಹೀಗೆ ವಾಪಸ್ಸು ಬರುವುದಿಲ್ಲ. ಆಲ್ಝೈಮರ್ ಎಂಬ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆ ಕಾಯಿಲೆ ಬಂದ ಮನೆಯವರು ಸರಿಯಾಗಿ ಊಟ ಹಾಕಲಿಲ್ಲ ಎಂದು ಯಾರೂ ಬೆರಳು ತೋರಿಸಬಾರದು. ಆದರೆ ಬಿ12 ಕೊರತೆ, ಥೈರಾಯ್ಡ್, ಮನಸ್ಸಿನ ಕುಗ್ಗುವಿಕೆ, ಮಾತ್ರೆಯ ಏರುಪೇರು ಇವುಗಳಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ. ಯಾವುದು ಯಾವುದೆಂದು ಗಾದೆ ಹೇಳಲಾರದು, ಪರೀಕ್ಷೆ ಹೇಳುತ್ತದೆ.

ಇನ್ನು ಮುಪ್ಪಿನ ಬಗ್ಗೆ ಮುದುಕರಿಗೇ ಇರುವ ಭಾವನೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ 50 ದಾಟಿದ 660 ಜನರನ್ನು ನಿಮ್ಮ ಮುಪ್ಪಿನ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ಕೇಳಿದ್ದರು. ಬೆಕ್ಕಾ ಲೆವಿ ಎಂಬ ಸಂಶೋಧಕಿ ಆಮೇಲೆ ಅವರ ಆಯುಷ್ಯವನ್ನು ಲೆಕ್ಕ ಹಾಕಿ 2002ರಲ್ಲಿ ಪ್ರಕಟಿಸಿದರು. ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಭಾವನೆಯೇ ಆಯುಷ್ಯ ಕೊಟ್ಟಿತು ಎಂದು ಇಷ್ಟರಿಂದಲೇ ಸಾಧಿಸಲಾಗದು. ಆದರೆ ನಮ್ಮ ಮನೆಗಳನ್ನು ನೋಡಿದರೆ ಇದು ನಡೆಯುವ ರೀತಿ ಅರ್ಥವಾಗುತ್ತದೆ. 'ಇನ್ನ ನಂದೇನೈತಪ್ಪ, ಮುಗೀತು' ಎನ್ನುವ ಅಜ್ಜ ನಡೆಯುವುದು ಬಿಡುತ್ತಾನೆ, ಮಾತ್ರೆ ಬಿಡುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಬಿಡುತ್ತಾನೆ. 'ಮುದುಕಿಗೇನ್ ಬೇಕ್ರಿ, ಒಂದ್ ಕಪ್ ಚಾ, ಎರಡ್ ತುತ್ತು ಅನ್ನ ಸಾಕು' ಎನ್ನುವ ಮನೆಯಲ್ಲಿ ಅಷ್ಟೇ ಬಡಿಸುತ್ತಾರೆ. ತಾಯಿ ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುತ್ತಾಳೆ. ಗಂಡ ತೀರಿದ ಮೇಲಂತೂ ತನ್ನೊಬ್ಬಳಿಗೆ ಯಾಕೆ ಪಲ್ಯ ಎಂದು ಒಲೆ ಹಚ್ಚುವುದನ್ನೇ ಕಡಿಮೆ ಮಾಡುತ್ತಾಳೆ. ಮುಪ್ಪಿನ ಬಗ್ಗೆ ನಮಗಿರುವ ಭಾವನೆ ಮನಸ್ಸಿನಲ್ಲಿ ಉಳಿಯುವುದಿಲ್ಲ, ಅದು ತಾಟಿಗೆ ಇಳಿಯುತ್ತದೆ. ತಾಟಿನಿಂದ ಮಿದುಳಿಗೆ ಹೋಗುತ್ತದೆ. ಈ ಹೊತ್ತು ನಾನು ಹೇಳಬೇಕೆಂದಿದ್ದು ಇದೊಂದೇ.

ಹಾಗಾದರೆ ಏನು ಮಾಡಬೇಕು? ದೊಡ್ಡ ಖರ್ಚಿನದ್ದೇನೂ ಇಲ್ಲ.

ಮೊದಲನೆಯದು, ಅನ್ನ ಬಿಡಬೇಡಿ, ಕಡಿಮೆ ಮಾಡಿ. ದಿನಕ್ಕೆ ಒಂದು ಹೊತ್ತಾದರೂ ಜೋಳ ಅಥವಾ ಸಜ್ಜೆಯ ರೊಟ್ಟಿ ಇರಲಿ. ರೊಟ್ಟಿ ಇರಲಿ, ಅನ್ನ ಇರಲಿ, ಜೊತೆಗೆ ಬೇಳೆ-ಕಾಳು, ಸೊಪ್ಪು ತಪ್ಪಬಾರದು.

ಎರಡನೆಯದು, ಹಲ್ಲಿಲ್ಲದವರಿಗೆ ಬಿಸ್ಕತ್ತೇ ಗತಿ ಅಲ್ಲ. ಜೋಳದ ನುಚ್ಚು, ಅಂಬಲಿ, ಬೇಳೆಯಲ್ಲಿ ನೆನೆಸಿದ ರೊಟ್ಟಿ, ಮೆತ್ತಗೆ ಬೇಯಿಸಿದ ಕಾಳು ಇವೆ. ಶೇಂಗಾವನ್ನು ಪುಡಿ ಮಾಡಿ ಕೊಡಿ. ದಿನವೂ ಹಾಲು, ಮೊಸರು ಅಥವಾ ಮಜ್ಜಿಗೆ. ತಿನ್ನುವವರಿಗೆ ಮೊಟ್ಟೆ, ಮೀನು. ಬಿ12 ಸಿಗುವುದು ಇವುಗಳಲ್ಲೇ, ಕಾಳು-ಸೊಪ್ಪಿನಲ್ಲಿ ಅದು ಸಿಗದು.

ಮೂರನೆಯದು, ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಅದರೊಳಗೇ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಿರ್ಚಿ ಎಲ್ಲ ಸೇರಿ ಅಷ್ಟು.

ನಾಲ್ಕನೆಯದು, ನೀರು. ನಮ್ಮದು 40 ಡಿಗ್ರಿ ದಾಟುವ ಬಿಸಿಲಿನ ಸೀಮೆ. ವಯಸ್ಸಾದ ಮೇಲೆ ಬಾಯಾರಿಕೆ ಗೊತ್ತಾಗುವುದು ಕಡಿಮೆ. ಬೇಸಿಗೆಯಲ್ಲಿ ಮುದುಕರು ಒಮ್ಮೆಲೇ ತಬ್ಬಿಬ್ಬಾಗಿ ಮಾತಾಡಿದರೆ ಅದು ಅರಳು ಮರಳಲ್ಲ. ಮೈಯಲ್ಲಿ ನೀರು ಬತ್ತಿರಬಹುದು, ಜ್ವರದ ಸೋಂಕಿರಬಹುದು, ಸಕ್ಕರೆ ಇಳಿದಿರಬಹುದು, ಪಾರ್ಶ್ವವಾಯು ಹೊಡೆಯುತ್ತಿರಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಐದನೆಯದು, ಉಪವಾಸ. ಏಕಾದಶಿ ಇರಲಿ, ಶ್ರಾವಣ ಸೋಮವಾರ ಇರಲಿ, ರಂಜಾನ್ ರೋಜಾ ಇರಲಿ, ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು. ಸಕ್ಕರೆ ತೀರಾ ಇಳಿದರೆ ಮಿದುಳಿಗೆ ಏಟು.

ಆರನೆಯದು, 30 ದಾಟಿದ ಪ್ರತಿಯೊಬ್ಬರೂ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ದುಡ್ಡಿಲ್ಲ. ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮಿದುಳು ಆರೋಗ್ಯದ ಒಂದು ಕಾರ್ಯಕ್ರಮ ಶುರುಮಾಡಿ ಸರ್ಕಾರಿ ವೈದ್ಯರಿಗೆ ಇದರ ತರಬೇತಿ ಕೊಡುತ್ತಿದೆ. ಹಿರಿಯರ ಸಹಾಯವಾಣಿ 14567. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416. ಇವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಇನ್ನೊಂದು ಮಾತು. ಮಧ್ಯಾಹ್ನದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಸಾಲಾಗಿ ಕೂತು ಉಂಡರೆ ಎಂಥ ಮಗುವೂ ಎರಡು ತುತ್ತು ಹೆಚ್ಚು ಉಣ್ಣುತ್ತದೆ ಎಂಬುದು ಇಲ್ಲಿನ ಅಡುಗೆಯ ತಾಯಂದಿರಿಗೆ ಗೊತ್ತು. ಮುದುಕರೂ ಹಾಗೇ. ವಾರಕ್ಕೊಮ್ಮೆಯಾದರೂ ಓಣಿಯ ಹಿರಿಯರು ಒಂದು ಕಟ್ಟೆಯ ಮೇಲೆ ಕೂಡಿ ಉಣ್ಣುವ ಏರ್ಪಾಡು ಮಾಡಲು ನಮಗೆ ಯಾವ ಯೋಜನೆಯೂ ಬೇಡ. ಹೊರಗೆ ಇರುವ ನಾವು ವರ್ಷಕ್ಕೊಂದು ದಿನ ಇದೇ ಶಾಲೆಯ ಬಯಲಿನಲ್ಲಿ ಬಿಪಿ, ಸಕ್ಕರೆ, ಕಣ್ಣು, ಕಿವಿ ಪರೀಕ್ಷೆಯ ಶಿಬಿರ ನಡೆಸೋಣ ಎಂದು ಹಳೆಯ ವಿದ್ಯಾರ್ಥಿಗಳ ಪರವಾಗಿ ಕೇಳಿಕೊಳ್ಳುತ್ತೇನೆ. ನನ್ನ ಪಾಲಿನ ಖರ್ಚು ಮತ್ತು ದುಡಿಮೆ ಎರಡನ್ನೂ ಈಗಲೇ ಬರೆದುಕೊಳ್ಳಿ. ಮತ್ತು ಫೋನ್ ಮಾಡಿದಾಗ 'ಊಟ ಆತೇನು?' ಎಂದು ಕೇಳಿ ಇಡಬೇಡಿ. ಆ ಪ್ರಶ್ನೆಗೆ ಎಲ್ಲ ತಾಯಂದಿರೂ 'ಆತಪ್ಪ' ಎಂದೇ ಹೇಳುತ್ತಾರೆ. 'ಏನ್ ಉಂಡಿ ಯವ್ವಾ? ಯಾರ ಜೊತಿ ಉಂಡಿ?' ಎಂದು ಕೇಳಿ. ಉತ್ತರದಲ್ಲಿ ಎಲ್ಲವೂ ಇರುತ್ತದೆ.

ಅರಳು ಮರಳು ಎಂಬ ಅದೇ ಮಾತನ್ನು ನಮ್ಮ ವರಕವಿ ಬೇಂದ್ರೆಯವರು ತಮ್ಮ ಕವನ ಸಂಗ್ರಹಕ್ಕೆ ಹೆಸರಾಗಿ ಇಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ 62. ಆ ಮಾತನ್ನು ಮರಳಿ ಅರಳುವುದು ಎಂದೂ ಓದಬಹುದು. ಇಂದಿನಿಂದ ನಾವು ಹಾಗೇ ಓದೋಣ.

ನಮ್ಮ ಚೀಕಲಪರ್ವಿ ವಿಜಯದಾಸರು ಹುಟ್ಟಿದ ಊರು. ಅವರ ಶಿಷ್ಯರಾದ ಗೋಪಾಲದಾಸರು ಹೊಟ್ಟೆಯ ಬೇನೆಯಿಂದ ಸಾಯುವಂತಾಗಿದ್ದ ಜಗನ್ನಾಥದಾಸರಿಗೆ ಜೋಳದ ರೊಟ್ಟಿ ಕೊಟ್ಟು, ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದರು ಎಂದು ನಮ್ಮ ಕಡೆಯ ಹಿರಿಯರು ಕಥೆ ಹೇಳುತ್ತಾರೆ. ಆ ಜಗನ್ನಾಥದಾಸರು ನಮ್ಮ ಮಾನ್ವಿಯವರು. ನಲವತ್ತು ವರ್ಷ ಕೊಡುವ ಶಕ್ತಿ ನಮಗೆ ಯಾರಿಗೂ ಇಲ್ಲ. ದಿನಕ್ಕೆ ಅರ್ಧ ತಾಸು ಹಿರಿಯರ ಪಕ್ಕದಲ್ಲಿ ಕೂತು, ಅವರಿಗೆ ಮೊದಲು ಬಡಿಸಿ, ಜೊತೆಯಲ್ಲಿ ಉಣ್ಣುವ ಶಕ್ತಿ ಎಲ್ಲರಿಗೂ ಇದೆ.

  ನಮ್ಮ ಶಾಲೆ ನೂರು ಕಾಣಲಿ. ಆ ದಿನ ಮುಂದಿನ ಸಾಲಿನಲ್ಲಿ ಇಂದಿನ ಎಂಟನೇ ತರಗತಿಯ ಮಕ್ಕಳು ನೆಟ್ಟಗೆ ಕೂತಿರಲಿ, ಎಲ್ಲವೂ ಅವರ ನೆನಪಿನಲ್ಲಿರಲಿ.